ಪರಸ್ತಾನದ ಗಂಟು

ಆ ವರ್ಷ ಆಷಾಢ ಅನ್ನುವ ಶಬ್ದ ಕಿವಿಗೆ ಬಿದ್ದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಸ್.ಎಸ್.ಎಲ್.ಸಿ. ಪಾಸಾಗಿದ್ದೆ, ಅದೂ ಸೆಕೆಂಡ್ ಕ್ಲಾಸಿನಲ್ಲಿ. ಹರಿಹರದ ನಮ್ಮ ಓಣಿಯಲ್ಲಿ ಅಷ್ಟು ಓದಿದ ಹುಡುಗಿ ನಾನೊಬ್ಬಳೇ. ದಾವಣಗೆರೆಯ ಕಾಲೇಜೇನು ಕಾಶಿ ರಾಮೇಶ್ವರವೇ? ರೈಲು ಹತ್ತಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುವ ಊರು. ಆದರೆ ಅಪ್ಪನನ್ನು ಯಾವಾಗ ಕೇಳಿದರೂ ಒಂದೇ ಮಾತು: "ಆಷಾಢ ಕಳೀಲಿ, ನೋಡಾಣ."

ಆಷಾಢ ಇನ್ನೂ ಹುಟ್ಟಿಯೇ ಇರಲಿಲ್ಲ, ಆಗಲೇ ಅದು ಕಳೆಯಬೇಕಂತೆ!

ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿಯಾದ ನನ್ನ ಅಜ್ಜಿ, ನಾನು, ಮೂರೇ ಜನ. ಪೇಟೆಯಲ್ಲಿ ಅಪ್ಪನದೊಂದು ಕಿರಾಣಿ ಅಂಗಡಿ. ಮನುಷ್ಯ ಕೆಟ್ಟವನಲ್ಲ, ಅಂಜುಬುರುಕ. ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡಬಾರದೆಂದು ಅಂಗಡಿಗೊಂದು ಹೊಸ ತಕ್ಕಡಿ ಕೂಡ ತಂದವನಲ್ಲ. ಕಾಲೇಜಿಗೆ ಅರ್ಜಿ ಕೊಡುವ ಕೊನೆಯ ದಿನವೋ ಸರಿಯಾಗಿ ಆಷಾಢದ ನಡುವೆ ಬಿದ್ದಿತ್ತು. ಅದು ತಪ್ಪಿದರೆ ಮುಂದೇನು ಅನ್ನುವುದೂ ಗೊತ್ತಿತ್ತು. ಶ್ರಾವಣ ಬಂದ ಕೂಡಲೇ ನಂದಿಗುಡಿ ಕಡೆಯ ಗಂಡಿನವರು ನನ್ನನ್ನು ನೋಡಲು ಬರುವುದೆಂದು ಮಾತಾಗಿತ್ತು. ಅವರು ಒಪ್ಪಿಬಿಟ್ಟರೆ ನನ್ನ ಓದಿನ ಕಥೆ ಅಲ್ಲಿಗೆ ಮುಗಿಯಿತು.

ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಂತೆ. ನಾನು ಓದಿದ್ದೆಲ್ಲ ಕನ್ನಡದಲ್ಲಿ. ಯಾರದೋ ಹಳೆಯ ಸೈನ್ಸ್ ಪುಸ್ತಕ ಇಸಕೊಂಡು ಬಂದು, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಆಕ್ಸಿಜನ್, ಹೈಡ್ರೋಜನ್ ಎಂದು ಗಟ್ಟಿಯಾಗಿ ಒದರುತ್ತಿದ್ದೆ. ಕಾಲೇಜಿಗೆ ಲಂಗ ಉಟ್ಟು ಹೋದರೆ ನಗುತ್ತಾರೆಂದು ಅಜ್ಜಿಯ ಹಳೆಯ ಸೀರೆ ಉಟ್ಟು ನಡೆದಾಡುವುದನ್ನು ಕಲಿತೆ. ತಲೆಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ತಲೆಬಾಗಿಲಿಗೆ, ನೆರಿಗೆ ತುಳಿದು ಎರಡು ಸಲ ಬಿದ್ದೆ.

"ಕಾಲಿಗೆ ಚಕ್ರ ಕಟ್ಕೊಂಡೀಯೇನೇ?" ಎಂದು ಅಜ್ಜಿ ಬೈದಳು. ಬೈದರೂ ನನ್ನ ಮುಖ ನೋಡಿ ಏನನ್ನೋ ಲೆಕ್ಕ ಹಾಕುತ್ತಿದ್ದಳು.

ಆಷಾಢಕ್ಕೆ ನಾಲ್ಕು ದಿನ ಇರುವಾಗ, ಅಪ್ಪ ಊಟಕ್ಕೆ ಕೂತ ಹೊತ್ತು ನೋಡಿ ಬಾಯಿಬಿಟ್ಟಳು. "ನಾಳೆ ದಿನ ಚೊಲೋ ಐತೆ. ಹುಡುಗಿ ಪರಸ್ತಾನ ಇಡ್ತೀನಿ."

ಪರಸ್ತಾನ ಅಂದರೆ ಹಿಂದಿನವರ ಪದ್ಧತಿ. ಒಳ್ಳೆಯ ದಿನ ಹೊರಡಲು ಆಗದಿದ್ದರೆ, ಹೊರಡುವವರ ಬಟ್ಟೆಬರೆಯ ಗಂಟೊಂದನ್ನು ಆ ದಿನ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಆಮೇಲೆ ಯಾವ ದಿನ ಹೋದರೂ ದೋಷವಿಲ್ಲ. ಒಂದೇ ಕಟ್ಟು: ಗಂಟು ಮತ್ತೆ ಮನೆಯ ಹೊಸ್ತಿಲೊಳಗೆ ಬರಬಾರದು, ಹೋಗುವ ದಾರಿಯಲ್ಲೇ ಎತ್ತಿಕೊಂಡು ನಡೆಯಬೇಕು.

"ಗಂಟು ಹೋದ್ರೆ ಮನುಷ್ಯಾ ಹೋದಂಗೇನಬೇ?" ಅಂದ ಅಪ್ಪ. "ಅದೂ ಪರಸ್ತಾನ ಇಟ್ಟು ಮೂರು ದಿನದಾಗ ಹೊರಡಬೇಕು ಅಂತಾರ."

"ಅದು ನಡ್ಕೊಂಡು ಹೋಗೋರಿಗೆ. ಈಕಿ ರೈಲಿನಾಗ ಹೋಗಾಕಿ."

ಅಪ್ಪ ಕೈ ತೊಳೆದು ಎದ್ದು, "ಏನಾರ ಮಾಡ್ಕೊಳ್ರಿ. ಕೊನೇ ದಿನ ನೋಡಾಣ" ಎಂದು ಅಂಗಡಿಗೆ ಹೋದ.

ಗಂಟಿನಲ್ಲಿ ಒಂದು ಹೊಸ ಸೀರೆ, ಒಂದು ಹಿಡಿ ಅಕ್ಕಿ, ಎಲೆ ಅಡಿಕೆ ಇಟ್ಟ ಮೇಲೆ ಅಜ್ಜಿ ನನ್ನ ಅಂಕಪಟ್ಟಿಯನ್ನೂ ಟಿ.ಸಿ.ಯನ್ನೂ ಕೇಳಿದಳು. "ಓದಾಕ ಹೋಗಾಕಿ ಗಂಟಿನಾಗ ಓದಿದ್ದು ಇರಬೇಕು." ನನಗೂ ಅದು ಸರಿಯೆನಿಸಿತು. ಮನೆಯಲ್ಲಿದ್ದರೆ ಅಪ್ಪ ಎಲ್ಲಾದರೂ ಎತ್ತಿಟ್ಟಾನು ಅನ್ನುವ ಗುಮಾನಿ ಬೇರೆ. ಪಕ್ಕದ ಮನೆಯಲ್ಲಿ ಒಬ್ಬರೇ ಇರುತ್ತಿದ್ದ ದೊಡ್ಡಮ್ಮನ ದೇವರ ಗೂಡಿನಲ್ಲಿ ಗಂಟು ಇಟ್ಟು ಬಂದೆವು. ಎಂಥ ಜಾಣರು ನಾವು!

ಅಲ್ಲಿಂದ ದಿನಕ್ಕೆ ನಾಲ್ಕು ಸಲ ನೆವ ಮಾಡಿಕೊಂಡು ಪಕ್ಕದ ಮನೆಗೆ ಹೋಗಿ ಗೂಡು ನೋಡಿ ಬರುತ್ತಿದ್ದೆ. "ಗಂಟಿಗೇನು ಕಾಲು ಬರ್ತಾವೇನೇ?" ಎಂದು ದೊಡ್ಡಮ್ಮ ನಗುತ್ತಿದ್ದರು. ಸ್ಟೇಷನ್ನಿನಿಂದ ರೈಲಿನ ಸಿಳ್ಳು ಕೇಳಿದರೆ ಮತ್ತೊಂದು ಸಲ ಓಡಿ ಹೋಗಿ ನೋಡುತ್ತಿದ್ದೆ. ಕೊನೆಯ ದಿನದ ಹಿಂದಿನ ದಿನ, ಹೊಳೆಯಿಂದ ಬಟ್ಟೆ ಒಗೆದುಕೊಂಡು ಸಂಜೆ ಬರುತ್ತೇನೆ, ದೊಡ್ಡಮ್ಮನ ಬಾಗಿಲಿಗೆ ಮುಷ್ಟಿ ಗಾತ್ರದ ಬೀಗ!

ಕುಕ್ಕುವಾಡಕ್ಕೆ ಕೊಟ್ಟಿದ್ದ ಅವರ ಮಗಳಿಗೆ ಹೆರಿಗೆ ನೋವು ಬಂದಿತ್ತಂತೆ. ಗಾಡಿ ಕಟ್ಟಿಕೊಂಡು ಬಂದವರ ಜೊತೆ ಮಧ್ಯಾಹ್ನವೇ ಹೊರಟುಹೋಗಿದ್ದರು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು. ಮಗಳ ನೋವಿನ ಮುಂದೆ ನನ್ನ ಗಂಟು ಯಾರಿಗೆ ನೆನಪಾದೀತು? ಅಜ್ಜಿ ಕಟ್ಟೆಯ ಮೇಲೆ ಕುಸಿದು ಕೂತಳು. ಅಂಗಡಿಯಿಂದ ಬಂದ ಅಪ್ಪ ಬೀಗ ನೋಡಿದ, ನನ್ನನ್ನು ನೋಡಿದ.

"ದೇವ್ರಿಗೇ ಮನಸ್ಸಿಲ್ಲ ಅಂತ ಕಾಣ್ತೈತೆ, ತಾಯಿ" ಅಂದ. ಅವನ ದನಿಯಲ್ಲಿ ಭಾರ ಇಳಿದ ಹಗುರವಿತ್ತು. ಅದನ್ನು ನಾನು ಕೇಳಿಬಿಟ್ಟೆ.

"ದೇವ್ರ ಮ್ಯಾಲೆ ಯಾಕ ಹಾಕ್ತೀಯಪ್ಪಾ? ನಿನಗ ಮನಸ್ಸಿಲ್ಲ ಅನ್ನು!" ಎಂದು ಕಿರುಚಿದೆ. ಅಪ್ಪನ ಎದುರು ಅಷ್ಟು ಎತ್ತರದ ದನಿಯಲ್ಲಿ ಅದುವರೆಗೆ ಮಾತಾಡಿದವಳಲ್ಲ. ಅಪ್ಪ ಬೈಯಲೂ ಇಲ್ಲ, ಉಣ್ಣಲೂ ಇಲ್ಲ, ಹೋಗಿ ಮಲಗಿಬಿಟ್ಟ.

ಬೆಳಕು ಹರಿಯುತ್ತಲೇ ನಾನು ಮಾಳಿಗೆ ಹತ್ತಿದೆ. ನಮ್ಮದೂ ದೊಡ್ಡಮ್ಮನದೂ ಒಂದಕ್ಕೊಂದು ಅಂಟಿಕೊಂಡ ಮಣ್ಣಿನ ಮಾಳಿಗೆಗಳು, ನಡುವೆ ಮೊಣಕಾಲೆತ್ತರದ ಗೋಡೆ. ಅವರ ಅಡಿಗೆಮನೆಯ ಮೇಲೊಂದು ಬೆಳಕಿಂಡಿ. ಮಳೆ ಬೀಳದಂತೆ ಅದರ ಮೇಲೆ ತಗಡು, ತಗಡಿನ ಮೇಲೆ ಕಲ್ಲು. ಕಲ್ಲು ಇಳಿಸಿ, ತಗಡು ಸರಿಸಿ ಎರಡೂ ಕಾಲು ಒಳಗೆ ಇಳಿಬಿಟ್ಟೆ. ಕೆಳಗೆ ಕತ್ತಲು. ನೆಲ ಎಷ್ಟು ಆಳದಲ್ಲಿದೆಯೋ ಅಂದಾಜೇ ಹತ್ತಲಿಲ್ಲ. ತಗಡಿನ ಸದ್ದಿಗೆ ಎದ್ದ ಅಪ್ಪ ಬನಿಯನ್ನಿನಲ್ಲೇ ಏಣಿ ಹತ್ತಿ ಬಂದ.

"ಏಯ್, ಹುಚ್ಚಿ! ಮ್ಯಾಲೆ ಬಾ! ಕಾಲು ಮುರ್ಕೊಂತೀಯ!"

"ಮುರೀಲಿ. ಕುಂಟಿನ್ನ ಯಾರೂ ನೋಡಾಕ ಬರಲ್ಲ."

ಅಪ್ಪ ಅಲ್ಲೇ ನಿಂತುಬಿಟ್ಟ. ಏನು ಯೋಚಿಸಿದನೋ, ಸರಸರನೆ ಇಳಿದು ಹೋದ. ಓಣಿಯವರನ್ನು ಕರೆದು ತರುತ್ತಾನೆ, ಮಾನ ಹರಾಜಾಯಿತು ಅಂದುಕೊಂಡೆ. ಬಂದಾಗ ಅವನ ಕೈಯಲ್ಲಿ ಬಾವಿಯ ಹಗ್ಗವಿತ್ತು. ಅದನ್ನು ನನ್ನ ಸೊಂಟಕ್ಕೆ ಬಿಗಿದು, ಗಂಟನ್ನು ಎರಡು ಸಲ ಜಗ್ಗಿ ನೋಡಿದ. "ಮೆಲ್ಲಕ ಇಳಿ. ನಾ ಹಿಡಿದೀನಿ" ಅಂದ.

ಮಸಿ, ಜೇಡರ ಬಲೆ ಬಳಿದುಕೊಂಡು ಇಳಿದೆ. ತಡಕಾಡಿ ಗೂಡಿನಿಂದ ಗಂಟು ತೆಗೆದುಕೊಂಡೆ. ಮೇಲೆ ಎಳೆಯುವಾಗ ಅಪ್ಪನ ಏದುಸಿರು ಕೆಳಗಿನವರೆಗೂ ಕೇಳುತ್ತಿತ್ತು.

ಅಂಗಳದಲ್ಲಿ ನಿಂತ ಅಜ್ಜಿ ನಮ್ಮ ಮಾಳಿಗೆಯತ್ತ ಕೈ ಅಡ್ಡ ಹಿಡಿದಳು. "ಇತ್ಲಾಗೆ ಬರಬ್ಯಾಡ್ರಿ! ಗಂಟು ಒಳಗ ಬರಂಗಿಲ್ಲ!" ಏಣಿ ತಂದು ಪಕ್ಕದ ಮನೆಯ ಗೋಡೆಗೆ ಆನಿಸಿದಳು. ಓಣಿಯಲ್ಲೇ ಅಪ್ಪನಿಗೆ ಕೋಟು, ಟೋಪಿ ತಂದುಕೊಟ್ಟಳು. ಅವಸರಕ್ಕೆ ಅಂಗಿ ಮರೆತಳು. ಹೀಗೆ ಬನಿಯನ್ನಿನ ಮೇಲೆ ಕೋಟು ತೊಟ್ಟ ಅಪ್ಪ, ಮಸಿ ಬಳಿದ ಲಂಗದ ನಾನು, ಓಡುತ್ತ ರೈಲು ಹಿಡಿದೆವು. ಅಷ್ಟು ದಿನ ಸೀರೆ ಉಡುವುದು ಕಲಿತದ್ದು ದಂಡವಾಯಿತು. ರೈಲಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

ದಾವಣಗೆರೆಯಲ್ಲಿ ಮಿಲ್ಲಿಗೆ ಹೊರಟ ಜನರ ನಡುವೆ ದಾರಿ ಕೇಳುತ್ತ ಕಾಲೇಜು ಮುಟ್ಟಿದೆವು. ಕಚೇರಿಯ ಗುಮಾಸ್ತರು ನಮ್ಮನ್ನು ಅಡಿಯಿಂದ ಮುಡಿವರೆಗೆ ನೋಡಿದರು. ನಾನು ಗಂಟು ಬಿಚ್ಚಿ ಅಂಕಪಟ್ಟಿ ತೆಗೆದೆ. ಅಕ್ಕಿ ಕಾಳು ಅವರ ಮೇಜಿನ ಮೇಲೆಲ್ಲ ಚೆಲ್ಲಿತು.

"ಏನ್ ಯಜಮಾನ್ರೇ, ಇಷ್ಟು ದಿನ ಬಿಟ್ಟು ಕೊನೇ ದಿನ ಹೊರಟೀರಲ್ಲ?" ಎಂದು ಗದರಿ ಅರ್ಜಿಯನ್ನು ಅಪ್ಪನತ್ತ ತಳ್ಳಿದರು.

ಅಪ್ಪ ಎಲ್ಲಾದರೂ ಮುಂದಿನ ವರ್ಷ ಬರ್ತೀವಿ ಬಿಡ್ರಿ ಅಂದುಬಿಟ್ಟರೆ? ಅಪ್ಪ ಪೆನ್ನು ತೆಗೆದುಕೊಂಡ. ಆಗ ಅವನ ಅಂಗೈ ನೋಡಿದೆ. ಹಗ್ಗ ಜಾರಿದ ಕಡೆ ಉದ್ದಕ್ಕೂ ಚರ್ಮ ಸುಲಿದು ಕೆಂಪಗಾಗಿತ್ತು. ಆ ಕೈಯಲ್ಲೇ ನಿಧಾನವಾಗಿ ಸಹಿ ಮಾಡಿದ.

"ಇವತ್ತು ಹೊರಟಿಲ್ರೀ" ಅಂದ. "ನನ್ನ ಮಗಳು ಹೊರಟು ಹದಿನೇಳು ದಿನ ಆತು. ಈಗ ಮುಟ್ಟ್ಯಾಳ."