ಖಾಲಿ ಬ್ಲಾಕು ಬಿಟ್ಟುಕೊಡುವ ಕಮಾಂಡು

ಡಿಪ್ಲೊಮಾ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಜಗತ್ತನ್ನೇ ಬದಲಿಸುವ ಕಮಾಂಡು ಬರೆಯುತ್ತಿದ್ದೇನೆಂದು ಬೆಸಗರಹಳ್ಳಿ ಬಸ್ಸಿನ ಕಂಡಕ್ಟರಿಗೂ ಹೇಳಿದ್ದೆ. ಅವರು ಬಹಳ ಗೌರವದಿಂದ ನನ್ನ ಪಾಸನ್ನು ಎರಡು ಸಲ ನೋಡಿದರು.

ವಿಷಯ ಇಷ್ಟೇ. ನಾವು ಫೈಲು ಅಳಿಸಿದರೂ ಡಿಸ್ಕಿಗೆ ಗೊತ್ತಾಗುವುದಿಲ್ಲ. ಆ ಫೈಲು ಕೂತಿದ್ದ ಬ್ಲಾಕುಗಳನ್ನು, ಅಂದರೆ ತನ್ನ ಪುಟ್ಟ ಖಾನೆಗಳನ್ನು, ಬೇಡವಾದರೂ ಚಿನ್ನದಂತೆ ಕಾಯುತ್ತಿರುತ್ತದೆ. "ಈ ಬ್ಲಾಕು ನಮಗೆ ಬೇಡ" ಎಂದು ಅದಕ್ಕೆ ಹೇಳಲು ಒಂದು ಕಮಾಂಡು ಬೇಕು. ಅದನ್ನು ಬರೆದದ್ದು ನಾನು. ಸರಿ, ಅರ್ಧ ನನ್ನ ಪ್ರಾಜೆಕ್ಟಿನ ಜೊತೆಗಾತಿ. ಸರಿ, ಮುಕ್ಕಾಲು.

ಪರೀಕ್ಷೆಗೆ ಮೂರು ದಿನ ಇರುವಾಗ ನಮ್ಮ ಕಮಾಂಡು ಆಗತಾನೇ ಬರೆದ ಹೊಸ ಫೈಲನ್ನೇ ನುಂಗತೊಡಗಿತು.

"ಇಂಗೇ ತೋರ್ಸುದ್ರೆ ಇಬ್ರೂ ಫೇಲು ಕಣೋ," ಎಂದಳು ಅವಳು. "ನೀನು ಬಾಯಲ್ಲೇ ಬದುಕ್ಕೋತೀಯ. ನಾನು ಈ ಸಲ ಫೇಲಾದ್ರೆ ಮನೇಲಿ ಓದು ಬುಡಿಸ್ತಾರೆ."

ಭಾನುವಾರ ತಾತನ ಊರಾದ ಹೊಳಲಿಗೆ ಹೋದೆ. ತಾತ ಹಿಂದೆ ಅಲ್ಲಿ ನೀರುಗಂಟಿ. ನಾಲೆಯ ತೂಬು ತೆಗೆದು ಮುಚ್ಚಿ, ಊರಿನ ಗದ್ದೆಗಳಿಗೆಲ್ಲ ನೀರು ಬಿಡುತ್ತಿದ್ದವರು. ನಾಸಾದವರೂ ಬೆವರುವಂತೆ ಸಮಸ್ಯೆಯನ್ನು ವಿವರಿಸಿದೆ.

"ಸಾಕು ಬುಡ್ಲಾ. ನಿನ್ ಡಿಸ್ಕೂ ನೀರುಗಂಟೀನೇ," ಎಂದರು ತಾತ. "ಕುಯ್ಲಾದೋನು ನೀರು ಬ್ಯಾಡ ಅಂತ ಯೋಳಿ ಕಳುಸ್ತಾನೆ. ನಾನು ಓಗಿ ತೂಬು ಮುಚ್ಚೋದ್ರೊಳ್ಗೆ ಅವನ ತಮ್ಮ ಅದೇ ಗದ್ದೇಲಿ ನಾಟಿ ಮಾಡ್ಬುಟ್ರೆ?"

"ಪೈರು ಒಣಗೋಯ್ತದೆ."

"ಅದ್ಕೇ, ನಾನು 'ಮುಚ್ಚುದ್ನಪ್ಪೋ' ಅಂತ ಕೂಗೋಗಂಟ ಯಾರೂ ನಾಟಿ ಮಾಡಂಗಿರ್ಲಿಲ್ಲ. ನಿನ್ ಡಿಸ್ಕು ಕೂಗ್ತದೇನ್ಲಾ?"

ಕೂಗುತ್ತಿತ್ತು; ಬ್ಲಾಕು ಖಾಲಿಯಾದ ಮೇಲೆ 'ಆಯಿತು' ಎಂದು ಉತ್ತರ ಕಳಿಸುತ್ತಿತ್ತು. ಕೇಳಿಸಿಕೊಳ್ಳಲು ನಾವೇ ನಿಲ್ಲುತ್ತಿರಲಿಲ್ಲ! ಬಿಟ್ಟ ಬ್ಲಾಕಿನಲ್ಲಿ ತಕ್ಷಣ ಹೊಸ ಫೈಲು ಬರೆದುಬಿಡುತ್ತಿದ್ದೆವು. ತಡವಾಗಿ ತಲುಪಿದ ಕಮಾಂಡು ಅದನ್ನೂ ಸೇರಿಸಿ ಗುಡಿಸುತ್ತಿತ್ತು.

ಕೂಡಲೇ ಅವಳಿಗೆ ಫೋನು ಮಾಡಿ, ಇದು ನನಗೇ ಹೊಳೆಯಿತು ಎಂದೆ. "ನಿಮ್ ತಾತಂಗೆ ಥ್ಯಾಂಕ್ಸ್ ಹೇಳು," ಎಂದು ಇಟ್ಟುಬಿಟ್ಟಳು. ಡಿಸ್ಕಿನಿಂದ ಉತ್ತರ ಬರುವವರೆಗೆ ಆ ಬ್ಲಾಕನ್ನು ಯಾರಿಗೂ ಕೊಡಬಾರದೆಂದು ಪ್ರೋಗ್ರಾಂ ತಿದ್ದಿದಳು. ಮರುದಿನವಿಡೀ ಓಡಿಸಿದೆವು. ಒಂದು ಫೈಲೂ ಕಾಣೆಯಾಗಲಿಲ್ಲ.

ಪರೀಕ್ಷೆಯ ದಿನವೂ ಅದು ಸರಿಯಾಗಿ ಓಡಿತು. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಮೇಲೇರಿಸಿ, "ಇದನ್ನ ಬರ್ದಿದ್ದು ಯಾರು?" ಎಂದರು.

ಬಾಯಿ ತೆರೆದೆ. ಭಾಷಣ ನಾಲಿಗೆಯ ತುದಿಯಲ್ಲೇ ಇತ್ತು. ಪಕ್ಕದಲ್ಲಿ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಮುಕ್ಕಾಲು ಇವ್ಳೇ ಸಾರ್," ಎಂದೆ. ಆ ಕಾಲು ಭಾಗವನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

"ಚೆನ್ನಾಗ್ ಮಾಡಿದ್ದೀಯ. ಮುಂದೆ ಓದ್ತೀಯೇನಮ್ಮಾ?"

"ಓದ್ತೀನಿ ಸಾರ್," ಎಂದಳು, ಇಡೀ ಲ್ಯಾಬು ತಿರುಗಿ ನೋಡುವಷ್ಟು ಗಟ್ಟಿಯಾಗಿ.