ಬಾಯಿಗೆ ಕಟ್ಟಿದ ಬಟ್ಟೆ

ಕಾಲುವೆಗೆ ಕೃಷ್ಣೆಯ ನೀರು ಬಂದು ಎರಡು ದಶಕ ಕಳೆದಿದ್ದ ಕಾಲ. ನಾನಾಗ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ವಾಹನಗಳ ದುರಸ್ತಿ ನೋಡಿಕೊಳ್ಳುವ ಸಹಾಯಕ ಎಂಜಿನಿಯರ್. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಹನ್ನೊಂದು ಜೀಪು, ನಾಲ್ಕು ಟಿಪ್ಪರ್, ಒಂದು ರೋಡ್ ರೋಲರ್ ನನ್ನ ಸುಪರ್ದಿಯಲ್ಲಿದ್ದವು. ಡಿಪ್ಲೊಮಾದಲ್ಲಿ ಮೊದಲ ದರ್ಜೆ ಪಡೆದವನು ನಾನು. ಇಷ್ಟೆಲ್ಲ ಇದ್ದೂ ಒಂದೇ ಒಂದು ಪದ ನನಗೆ ದಕ್ಕಿರಲಿಲ್ಲ. ಅದು 'ಉಸ್ತಾದ್'.

ನಮ್ಮ ಭಾಗದಲ್ಲಿ ಎಂಜಿನ್ ಬಿಚ್ಚಿ ಜೋಡಿಸುವವರೆಲ್ಲ ಮಿಸ್ತ್ರಿಗಳೇ. ಅವರಲ್ಲಿ ಯಾರೋ ಒಬ್ಬನ ಕೈಗುಣ ನೋಡಿ ಜನ ತಾವಾಗಿಯೇ ಉಸ್ತಾದ್ ಎನ್ನತೊಡಗುತ್ತಾರೆ. ಅದು ಅರ್ಜಿ ಹಾಕಿದರೆ ಸಿಗುವುದಿಲ್ಲ, ಬಡ್ತಿಯ ಜೊತೆಗೂ ಬರುವುದಿಲ್ಲ. ನನ್ನನ್ನು ಎಲ್ಲರೂ 'ಸಾಹೇಬ್ರ' ಎನ್ನುತ್ತಿದ್ದರು. ಏಳನೆಯ ತರಗತಿಗೇ ಶಾಲೆ ಬಿಟ್ಟ ಸುರಪುರದ ಮಾನಪ್ಪ ಮಾತ್ರ ಸುತ್ತಲಿನ ಮೂರೂ ತಾಲೂಕಿಗೆ ಉಸ್ತಾದ್ ಆಗಿದ್ದ.

ಮಾನಪ್ಪ ಕಿವಿಯಿಂದ ಕೆಲಸ ಮಾಡುತ್ತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಊರಿ, ಮರದ ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಮೂರನೇ ಸಿಲಿಂಡರ್ ಕೆಮ್ಮಾಕತ್ತದ" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ದೋಷ ಅಲ್ಲಿಯೇ ಇರುತ್ತಿತ್ತು. ಗೇಜು, ಮೀಟರು ಹಿಡಿದು ಅದೇ ಮಾತು ಹೇಳಲು ನನಗೆ ಅರ್ಧ ದಿನ ಬೇಕು. ನನ್ನ ಮೇಲಧಿಕಾರಿಗಳೇ ತಮ್ಮ ಸ್ವಂತ ಕಾರುಗಳನ್ನು ನನ್ನ ಕಣ್ಣೆದುರೇ ಸುರಪುರಕ್ಕೆ ಕಳಿಸುತ್ತಿದ್ದರು. ಹೊಟ್ಟೆ ಉರಿಯದೆ ಇನ್ನೇನಾದೀತು? ಎದುರಿಗೆ ಸಿಕ್ಕಾಗಲೂ ನಾನು ಅವನನ್ನು ಮಾನಪ್ಪ ಎಂದೇ ಕರೆಯುತ್ತಿದ್ದೆ. ಆ ಬಿರುದು ನನ್ನ ನಾಲಿಗೆಯ ಮೇಲೆ ಬರಬಾರದೆಂದು ಎಚ್ಚರ ವಹಿಸುತ್ತಿದ್ದೆ.

ಆ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರದ ಜೀಪು ಹುಚ್ಚಿನವರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಹರಾಜಿನಲ್ಲಿ ಕೊಂಡ ಹಳೆಯ ಡೀಸೆಲ್ ಜೀಪುಗಳಿಗೆ ಜೀವ ತುಂಬಿ ಓಡಿಸುವುದು ಅವರ ಹವ್ಯಾಸ. ನನ್ನದೂ ಮಾನಪ್ಪನದೂ ಅಂಥವೇ ಗಾಡಿಗಳು. ಒಂದು ಬೇಸಿಗೆಯ ಭಾನುವಾರ ಸಂಘದವರು ಹೈದರಾಬಾದಿನಿಂದ ಡೈನಮೋಮೀಟರ್ ತರಿಸಿದರು. ಇದು ಎಂಜಿನ್ ಶಕ್ತಿ ಅಳೆಯುವ ಯಂತ್ರ. ಹಿಂದಿನ ಚಕ್ರಗಳನ್ನು ಅದರ ಉರುಳೆಗಳ ಮೇಲೆ ನಿಲ್ಲಿಸಿ, ಗಾಡಿಯನ್ನು ಪಟ್ಟಿಗಳಿಂದ ಬಿಗಿದು, ಎಕ್ಸಲರೇಟರ್ ಪೂರ್ತಿ ಒತ್ತಬೇಕು. ಚಕ್ರಕ್ಕೆ ತಲುಪುವ ಶಕ್ತಿ ಎಷ್ಟು ಹಾರ್ಸ್‌ಪವರ್ ಎಂದು ಪರದೆಯ ಮೇಲೆ ಮೂಡುತ್ತದೆ.

ನನಗೆ ಒಳಗೊಳಗೇ ಹಿಗ್ಗು. ಯಾರು ಉಸ್ತಾದ್, ಯಾರು ಸಾಹೇಬ್ ಎಂಬುದು ಯಂತ್ರಕ್ಕೆ ಗೊತ್ತಿರುವುದಿಲ್ಲವಲ್ಲ! ಹದಿನೈದು ದಿನ ಕಚೇರಿಯಿಂದ ಬಂದೊಡನೆ ನನ್ನ ಜೀಪಿನ ಕೆಳಗೇ ಮಲಗಿದೆ.

ಅಂದು ಶಹಾಪುರದ ಹೊರಗಿನ ಬಯಲಿನಲ್ಲಿ ಹದಿನಾಲ್ಕು ಜೀಪುಗಳು ಸೇರಿದವು. ಸಂಘದ ಕಾರ್ಯದರ್ಶಿ, ಹತ್ತಿ ವ್ಯಾಪಾರಿ ಬಸವರಾಜಪ್ಪ, ನನ್ನ ಕೈಗೆ ತಪಾಸಣೆಯ ಪಟ್ಟಿ ಸಿಕ್ಕಿಸಿದ ಒಂದು ರಟ್ಟು ಕೊಟ್ಟರು. ಉರುಳೆ ಏರುವ ಮೊದಲು ಪ್ರತಿ ಗಾಡಿಯ ಟೈರು, ಬ್ರೇಕು, ಆಯಿಲ್, ಏರ್ ಕ್ಲೀನರ್ ನೋಡಿ ಟಿಕ್ ಹಾಕಿ ಸಹಿ ಮಾಡುವುದು ಎಂಜಿನಿಯರ್ ಆದ ನನ್ನ ಕೆಲಸ.

ಮಾನಪ್ಪ ತಿಂಥಣಿಯಲ್ಲಿ ಮೌನೇಶ್ವರನಿಗೆ ಕೈಮುಗಿದು, ಕಾಲುವೆ ದಂಡೆಯ ರಸ್ತೆ ಹಿಡಿದು ಬಂದಿದ್ದ. ಅವನ ಜೀಪಿನ ಬಾನೆಟ್ ಎತ್ತಿದೆ. ಏರ್ ಕ್ಲೀನರ್ ಎಂದರೆ ಎಂಜಿನ್ ಉಸಿರೆಳೆಯುವ ಡಬ್ಬಿ. ಅದರ ಬಾಯಿಗೆ ಹಳೆಯ ರುಮಾಲಿನ ತುಂಡೊಂದು ಎರಡು ಮಡಿಕೆಯಾಗಿ ಬಿಗಿದಿತ್ತು. ಕಾಲುವೆ ರಸ್ತೆಯ ಎರೆಮಣ್ಣಿನ ಧೂಳು ಹಿಟ್ಟಿಗಿಂತ ನುಣುಪು. ಅದು ಒಳಗೆ ಹೋಗದಿರಲೆಂದು ನಮ್ಮ ಕಡೆಯ ಡ್ರೈವರುಗಳೆಲ್ಲ ಹೀಗೆ ಒದ್ದೆ ಬಟ್ಟೆ ಕಟ್ಟುತ್ತಾರೆ, ಡಾಂಬರು ಸಿಕ್ಕೊಡನೆ ಬಿಚ್ಚುತ್ತಾರೆ. ಮಾನಪ್ಪ ಬಿಚ್ಚುವುದನ್ನು ಮರೆತಿದ್ದ. ಬಟ್ಟೆ ಒಣಗಿ, ಧೂಳು ಕುಡಿದು, ರೊಟ್ಟಿಯ ಹಂಚಿನಷ್ಟು ಕಪ್ಪಾಗಿ ಡಬ್ಬಿಯ ಬಣ್ಣಕ್ಕೇ ತಿರುಗಿತ್ತು.

ನಾನು ಕಂಡೆ. ಸ್ಪಷ್ಟವಾಗಿ ಕಂಡೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಉಸ್ತಾದ್ ಗಾಡೀಗೇನು ನೋಡ್ತೀರಿ ಸಾಹೇಬ್ರ, ಬಿಡ್ರಿ" ಎಂದು ನಕ್ಕರು. ಆ ಮಾತಿಗೆ ಮೈಯೆಲ್ಲ ಉರಿಯಿತು. ಏರ್ ಕ್ಲೀನರ್ ಎಂದಿದ್ದ ಕಡೆ ಟಿಕ್ ಹಾಕಿ, ಸಹಿ ಮಾಡಿ, ಬಾನೆಟ್ ಇಳಿಸಿದೆ.

ನನ್ನ ಜೀಪು 46.2 ತೋರಿಸಿತು. ಅಲ್ಲಿಯವರೆಗೆ ಅದೇ ಹೆಚ್ಚು. ಮಾನಪ್ಪನ ಜೀಪು ಉರುಳೆ ಏರಿದಾಗ ಚಹಾ ಕುಡಿಯುತ್ತಿದ್ದವರೂ ಎದ್ದು ಬಂದರು. ಎಂಜಿನ್ ಉಬ್ಬಸ ಬಂದಂತೆ ಎಳೆದುಕೊಂಡಿತು. ಹಿಂದೆ ಕಪ್ಪು ಹೊಗೆ ಬುಗುಬುಗು ಎದ್ದಿತು. ಪರದೆಯ ಮೇಲೆ ಮೂಡಿದ್ದು 33.5. ಯಂತ್ರ ತಂದವನು ತಲೆಯಾಡಿಸಿ, ಡೀಸೆಲ್ ಪಂಪಿನ ಟ್ಯೂನಿಂಗ್ ತಪ್ಪಿದೆ ಎಂದ. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಬಸವರಾಜಪ್ಪ ನನ್ನ ಬೆನ್ನು ತಟ್ಟಿದರು. ಆ ಹತ್ತು ನಿಮಿಷದಷ್ಟು ಸುಖವನ್ನು ಇಡೀ ನೌಕರಿಯಲ್ಲಿ ನಾನು ಕಂಡಿರಲಿಲ್ಲ ಎಂದು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಮಾನಪ್ಪ ಜೀಪಿನಿಂದ ಇಳಿದು ನೇರ ನನ್ನ ಕಡೆಗೇ ಬಂದ. ಅವನ ಕೈಯಲ್ಲಿ ಆ ಸ್ಕ್ರೂಡ್ರೈವರ್ ಇತ್ತು.

"ಸಾಹೇಬ್ರ, ನೀವು ನೋಡಿ ಸಹಿ ಮಾಡೀರಿ. ಅಂದ್ರ ಗಾಡ್ಯಾಗ ತಪ್ಪಿಲ್ಲ. ತಪ್ಪು ನನ್ನ ಕಿವೀದು. ವರ್ಷಾತು, ಬಲಗಿವಿ ಬರೋಬರ್ ಕೇಳಂಗಿಲ್ಲ. ಯಾರಿಗೂ ಹೇಳಿಲ್ಲ. ಪಂಪ್ ಸಮ ಕೂಡಿಸೀನಿ ಅಂತ ತಿಳಕೊಂಡಿದ್ದೆ." ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟ. "ಇದನ್ನ ನೀವ ಇಟ್ಕೋರಿ. ಮಂದಿ ಗಾಡಿ ಕೆಡಸೂದು ಬ್ಯಾಡ. ನಾಳಿಂದ ನನ್ನ ಶೆಡ್ ಬಂದ್."

ಮರದ ಹಿಡಿ ಅವನ ಕೆನ್ನೆಗೆ ಉಜ್ಜಿ ಉಜ್ಜಿ ಒಂದು ಕಡೆ ಸವೆದಿತ್ತು. ವರ್ಷಾನುಗಟ್ಟಲೆ ನಾನು ಕಣ್ಣು ಹಾಕಿದ್ದ ವಸ್ತು ತಾನಾಗಿ ನನ್ನ ಕೈಗೆ ಬಂದಿತ್ತು. ಇಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಅವನ ಹತ್ತಿರ ಸರಿದು ಮೆಲ್ಲಗೆ, "ಏರ್ ಕ್ಲೀನರಿಗೆ ಬಟ್ಟಿ ಅದ, ಬಿಚ್ಚಿಲ್ಲ" ಎಂದೆ.

"ಏನಂದ್ರಿ?"

ನಾನು ಅವನ ಬಲಗಿವಿಯ ಕಡೆ ನಿಂತಿದ್ದೆ. ಇನ್ನೊಮ್ಮೆ ಹೇಳಿದೆ. "ಜರಾ ಜೋರಾಗಿ ಹೇಳ್ರಿ ಸಾಹೇಬ್ರ" ಎಂದ. ಕೊನೆಗೆ ಕೂಗಿಯೇ ಬಿಟ್ಟೆ: "ಉಸ್ತಾದ್, ಏರ್ ಕ್ಲೀನರಿಗೆ ಬಟ್ಟಿ ಕಟ್ಟಿದ್ದು ಹಂಗ ಅದ! ಮುಂಜಾನಿನೇ ನೋಡೀನಿ. ಹೇಳಲಿಲ್ಲ!"

ಇಡೀ ಬಯಲಿಗೆ ಕೇಳಿಸಿತು. ಬಸವರಾಜಪ್ಪ ನನ್ನ ಕೈಯಲ್ಲಿದ್ದ ರಟ್ಟನ್ನೇ ನೋಡುತ್ತಿದ್ದರು.

ಮಾನಪ್ಪ ಬಾನೆಟ್ ಎತ್ತಿ ಬಟ್ಟೆ ಬಿಚ್ಚಿದ. ಕೊಡವಿ, ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ ನನ್ನತ್ತ ತಿರುಗಿದ.

"ಉಸಿರು ಕಟ್ಟಿದ್ದು ನನಗ ಕೇಳಬೇಕಿತ್ತು, ಕೇಳಲಿಲ್ಲ. ನನ್ನ ಕಿವಿ ಹೋಗ್ಯದ, ಖರೆ. ನಿಮ್ಮ ಬಾಯಿಗೇನಾಗಿತ್ರಿ?"

ಉತ್ತರಕ್ಕೆ ಅವನು ಕಾಯಲಿಲ್ಲ. ಜೀಪನ್ನು ಮತ್ತೆ ಉರುಳೆಗೆ ಏರಿಸಿದರು. ಈ ಸಲ ಹೊಗೆಯ ಸುಳಿವೂ ಇರಲಿಲ್ಲ. 47.4 ಬಂತು. ನನ್ನದಕ್ಕಿಂತ ಒಂದು ಕುದುರೆ ಮೇಲೆಯೇ. ಇಳಿದು ಬಂದು ನನ್ನ ಕೈಯಿಂದ ಸ್ಕ್ರೂಡ್ರೈವರ್ ವಾಪಸ್ ತೆಗೆದುಕೊಂಡ. ಹಿಡಿಯನ್ನು ಅಂಗಿಯ ತುದಿಯಿಂದ ಒರೆಸಿಕೊಂಡು ಹೋದ.

ಅವನ ಶೆಡ್ ಮುಚ್ಚಲಿಲ್ಲ. ಬಲಗಿವಿಯ ಬದಲು ಎಡಗಿವಿಗೆ ಹಿಡಿ ಹಚ್ಚಿ ಕೇಳುವುದನ್ನು ಆ ವಯಸ್ಸಿನಲ್ಲಿ ರೂಢಿ ಮಾಡಿಕೊಂಡ ಎಂದು ಕೇಳಿದೆ. ನನ್ನನ್ನು ಸಂಘದವರು ಬಯ್ಯಲಿಲ್ಲ. ಆದರೆ ಆ ರಟ್ಟನ್ನು ಮತ್ತೆಂದೂ ನನ್ನ ಕೈಗೆ ಕೊಡಲಿಲ್ಲ. ಉಳಿದ ಮೂರು ವರ್ಷದ ನೌಕರಿಯಲ್ಲಿ, ಗಾಡಿ ಯಾರದೇ ಇರಲಿ, ಕಂಡ ದೋಷವನ್ನು ಕಂಡ ಗಳಿಗೆಯಲ್ಲೇ ಬಾಯಿಬಿಟ್ಟು ಹೇಳಿದ ಮೇಲೆಯೇ ಸಹಿ ಹಾಕಿದೆ. ನೌಕರಿ ನನಗೆ ಕಲಿಸಿದ್ದು ಇದನ್ನು, ಅದೂ ತಡವಾಗಿ.

ಹೊಟ್ಟೆಕಿಚ್ಚು ಆರಿತೆಂದು ಬರೆದರೆ ಸುಳ್ಳಾದೀತು. ಇಂದಿಗೂ ಬಸ್ಸಿನಲ್ಲಿ ಯಾರಾದರೂ "ಸುರಪುರದ ಉಸ್ತಾದ್ ಕೈಯಾಗ ಗಾಡಿ ಕೊಟ್ಟೀನಿ, ಚಿಂತಿಲ್ಲ" ಎಂದರೆ ಎದೆಯಲ್ಲಿ ಚುರ್ ಎನ್ನುತ್ತದೆ. "ಖರೆ, ಅಂವ ಉಸ್ತಾದನ ಬಿಡ್ರಿ" ಎನ್ನುತ್ತೇನೆ ನಾನು. ಉರಿಯುತ್ತಲೇ ಎನ್ನುತ್ತೇನೆ, ಆದರೆ ಎಲ್ಲರಿಗೂ ಕೇಳುವಂತೆ ಜೋರಾಗಿ ಎನ್ನುತ್ತೇನೆ.