ಲಕ್ಕಿ ಕಡ್ಡಿ ನೆಟ್ಟ ಕೆರೆ

ಹನೂರಿನ ಈಚೆಗಿರೋ ನಮ್ಮೂರಿಗೆ ನೀರುಗಂಟಿ ಅಂದ್ರೆ ನನ್ನ ವಾರಿಗೆಯ ದೊಡ್ಡಸಿದ್ದಯ್ಯ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡೋದು ಅವನ ಕೆಲಸ. ಬೇಸಿಗೇಲಿ ಕೆರೆ ಒಣಗಿ ಜನ ತಳದ ಗೋಡುಮಣ್ಣು ಅಗೆದು ಹೊಲಕ್ಕೆ ಹೊಡೀವಾಗ ಅವನಿಗೆ ಇನ್ನೊಂದು ಕೆಲಸ. ಕರೀ ಗೋಡು ಮುಗಿದು ಬಿಳೀ ಜೇಡಿ ಕಂಡ ಕಡೆ ಒಂದು ಲಕ್ಕಿ ಗಿಡದ ಕಡ್ಡಿ ನೆಡ್ತಾನೆ. ಅಲ್ಲಿಗೆ ಅಗೆಯೋದು ನಿಲ್ಲಿಸಬೇಕು. ಗೋಡು ಮಳೆ ಬಂದ್ರೆ ಮತ್ತೆ ಬರ್ತದೆ, ನೀರು ಹಿಡಿಯೋ ಜೇಡಿ ನಮ್ಮಪ್ಪನಾಣೆಗೂ ಬರಾಕಿಲ್ಲ. ಆ ಕಡ್ಡಿ ದಾಟಿ ಗುದ್ದಲಿ ಹಾಕೋ ಗಂಡಸು ನಮ್ಮೂರಲ್ಲಿ ಹುಟ್ಟಿಲ್ಲ.

ಹೋದ ಬೇಸಿಗೇಲೂ ಕಡ್ಡಿ ನೆಟ್ಟು, ಯಳಂದೂರಲ್ಲಿ ಮಗಳ ಮನೆ ಹೆಂಚು ಹೊದಿಸೋಕೆ ಹೋದ. ಕಾವಲಿಗೆ ಯಾರನ್ನೂ ಬಿಡ್ಲಿಲ್ಲ. ಕಡ್ಡಿ ಇರುವಾಗ ಕಾವಲು ಯಾಕೆ? ಆಗ ಇಟ್ಟಿಗೆ ಗೂಡಿನೋರು ಎಲ್ಲಿಂದಲೋ ಜೆಸಿಬಿ ತಂದ್ರು. ಪರಸ್ಥಳದ ಡ್ರೈವರ್‌ಗೆ ಲಕ್ಕಿ ಕಡ್ಡಿ ಬರೀ ಕಡ್ಡಿ. ಬೇಕಾದಷ್ಟು ಬಗೆದು ತುಂಬ್ಕೊಂಡು ಹೋದ. ದೊಡ್ಡಸಿದ್ದಯ್ಯ ವಾಪಸ್ ಬರೋದಕ್ಕೂ ಮಳೆ ಬಿದ್ದು ಕೆರೆ ತುಂಬೋದಕ್ಕೂ ಸರಿಹೋಯ್ತು.

ಮಾರನೇ ಬೆಳಿಗ್ಗೆ ಇಬ್ಬರೂ ಏರಿ ಮೇಲೆ ಬೀಡಿ ಹಚ್ಕೊಂಡು ಕೂತಿದ್ವಿ. ಕೆಳಗೆ ಅವನ ಸೊಸೆ ಪುಷ್ಪ ಎಮ್ಮೆ ಮೈ ತೊಳೆಯೋಕೆ ನೀರಿಗಿಳೀತಿದ್ಲು. ಮದುವೆಯಾಗಿ ಬಂದಾಗಿಂದ ಇಳಿಯೋ ಜಾಗ, ಸೊಂಟದ ಮೇಲೆ ನೀರಿಲ್ಲ. ಜೆಸಿಬಿಯೋನು ಬಿಳೀ ಮಣ್ಣು ನೋಡಿ ಭಾರೀ ಖುಷಿಪಟ್ಟ ಅಂತ ನಾನು ಹೀಗೇ ಮಾತಿಗೆ ಅಂದೆ.

"ಬಿಳೀದಾ ಲೇ, ಮಾದು? ಕಡ್ಡಿ ದಾಟಿ ಬಗೆದವ್ನಾ?" ಅಂದ. ಬೀಡಿ ಕೈಯಿಂದ ಬಿತ್ತು. ಎದ್ದು ನಿಂತು ಕೂಗಿದ, "ಪುಷ್ಪಾ, ಅಲ್ಲೇ ನಿಂತ್ಕಳವ್ವ, ಕಾಲು ಎತ್ತಬ್ಯಾಡ!"

ಏನು ಮಾವ ಅಂತ ಅವಳು ತಿರುಗಿದ್ಲು. ಎಮ್ಮೆ ಮುಂದಕ್ಕೆ ಕಾಲಿಟ್ಟು ಕೊಂಬಿನವರೆಗೂ ಮುಳುಗ್ತು. ಹಗ್ಗ ಅವಳ ಮುಂಗೈಗೆ ಸುತ್ತಿತ್ತು. ಅವಳೂ ಹೋದ್ಲು. ನೀರಿನ ಮೇಲೆ ಸೆರಗು ಒಂದೇ ಕಾಣ್ತಿತ್ತು. ಅಪ್ಪಾ ಮಾದಪ್ಪ ಅಂತ ನಾನು ಏರಿ ಮೇಲಿಂದಲೇ ಕೂಗಿಕೊಂಡೆ.

ದೊಡ್ಡಸಿದ್ದಯ್ಯ ನೀರಿಗೆ ನುಗ್ಗಿದ. ಮೊಣಕಾಲ ಮಟ್ಟ ಬಂದದ್ದೇ ನಿಂತುಬಿಟ್ಟ. ಕಣ್ಣು ಮುಚ್ಚಿ ನಡೀತಿದ್ದ ಕೆರೆ, ಮುಂದಿನ ಹೆಜ್ಜೆಗೆ ತಳ ಐತೋ ಇಲ್ಲವೋ ಅವನಿಗೇ ತಿಳೀದು.

ಕೊನೆಗೆ ಎಮ್ಮೆಯೇ ಈಜಿ, ಹಗ್ಗದ ಸಮೇತ ಅವಳನ್ನ ಆಚೆ ದಡಕ್ಕೆ ಎಳ್ಕೊಂಡು ಬಂತು. ಪುಷ್ಪ ಬದುಕಿದ್ಲು. ಮುಂಗೈ ಮೇಲೆ ಹಗ್ಗದ ಗಾಯ ಇನ್ನೂ ಐತೆ.

ಗುಂಡಿ ಎಷ್ಟವೆ, ಎಲ್ಲೆಲ್ಲಿ ಅವೆ ಅಂತ ಈಗ ಯಾರಿಗೂ ಗೊತ್ತಿಲ್ಲ. ದೊಡ್ಡಸಿದ್ದಯ್ಯ ನೀರಿನ ಅಂಚಿಗೆ ಕೆರೆ ಸುತ್ತಲೂ ಲಕ್ಕಿ ಕಡ್ಡಿ ನೆಟ್ಟವ್ನೆ. ಅವನೂ ಅದನ್ನ ದಾಟಲ್ಲ.